ಬಹರೈನಿಗೆ ಒಂದು ಡಬ್ಬಿ ವಡಗ

ನೀಲಿ, ಇಷ್ಟೊಂದು ನೀಲಿ ನೀರು ಎಲ್ಲಾದರೂ ಇರುತ್ತದಾ, ಫೋಟೋ ತೆಗೆದವನು ಆಮೇಲೆ ಬಣ್ಣ ಹೆಚ್ಚಿಸಿರಬೇಕು, ಆರ್.ಎಸ್. ಪುರಂನ ಟ್ರಾವೆಲ್ಸ್ ಆಫೀಸಿನಲ್ಲಿ ಕೂತು ವರ್ಷಗಟ್ಟಲೆ ಇಂಥವನ್ನೇ ತೋರಿಸಿ ಜನರನ್ನು ವಿಮಾನ ಹತ್ತಿಸಿದ ನನಗೆ ಇದು ಗೊತ್ತಿಲ್ಲವಾ, ಆದರೂ ಭಾನುವಾರ ಮಧ್ಯಾಹ್ನ ಸೂಲೂರಿನ ಅವ್ವನ ಮನೆಯಲ್ಲಿ ಗೋಡೆಗೊರಗಿ, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬಹರೈನಿನ ಕಡಲನ್ನೇ ನೋಡುತ್ತಿದ್ದೇನೆ — ಕಡಲು, ಅದರ ಪಕ್ಕ ಹೋಟೆಲಿನ ಈಜುಕೊಳ, ಕಡಲೇ ಇರುವಾಗ ಕೊಳ ಯಾಕೆ ಕಣ್ಣು ಎಂದು ಅವ್ವ ಬೆಳಿಗ್ಗೆ ಕೇಳಿದ್ದಳು, ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುವುದು, ದೊಡ್ಡವರಿಗೆ ಎರಡೂ ಬೇಕು ಅವ್ವಾ ಎಂದೆ, ಹಂಗಾ, ಎಂದು ನಂಬಿಬಿಟ್ಟಳು. ಈಗ ಎದುರಿಗೆ ನೆಲದ ಮೇಲೆ ಕಾಲು ಚಾಚಿ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಾಳೆ, ಮೊರದ ತುಂಬ ಈರುಳ್ಳಿ, ಸಿಪ್ಪೆ ಫ್ಯಾನಿನ ಗಾಳಿಗೆ ಹಾರಿ ನನ್ನ ಕೀಬೋರ್ಡಿನ ಮೇಲೆ ಬೀಳುತ್ತದೆ, ಊದಿದರೆ ಇನ್ನೊಂದು ಬರುತ್ತದೆ. ವಿಮಾನಪಡೆಯ ವಿಮಾನವೊಂದು ಚಾವಣಿಯ ಮೇಲೇ ಹಾದುಹೋಯಿತು, ತಟ್ಟೆ ಸ್ಟ್ಯಾಂಡು ಗಡಗಡ ಅಂದಿತು, ಅವ್ವ ತಲೆ ಎತ್ತಲಿಲ್ಲ, ನಾನು ಎತ್ತಿದೆ, ಈ ವಯಸ್ಸಿನಲ್ಲೂ ಎತ್ತುತ್ತೇನೆ, ಯಾಕೆಂದರೆ ಅಜ್ಜಿ ತುತ್ತು ಕೈಯಲ್ಲಿ ಹಿಡಿದು ಹೇಳುತ್ತಿದ್ದಳು, ಅಗೋ ಬಂತು ನೋಡು, ನಿಮ್ಮವ್ವ ಅದ್ರಾಗೇ ಬತ್ತಿರೋದು, ಬಾಯಿ ತೆಗಿ. ಬಾಯಿ ತೆಗೆದು ಜಗುಲಿಗೆ ಓಡುತ್ತಿದ್ದೆ. ಸೂಲೂರಿನಲ್ಲಿ ದಿನಕ್ಕೆ ಎಷ್ಟು ವಿಮಾನ ಹಾರುತ್ತವೆ, ಯಾವುದರಿಂದಲೂ ಅವ್ವ ಇಳಿಯಲಿಲ್ಲ, ನನಗೆ ಏಳು ವರ್ಷವಾಗಿದ್ದಾಗ, ಅಪ್ಪ ತೀರಿಕೊಂಡ ಮರುವರ್ಷ, ಬಹರೈನಿನ ಒಂದು ಮನೆಗೆ ಕೆಲಸಕ್ಕೆ ಹೋದವಳು ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ಬಂದು ಹೋಗುತ್ತಿದ್ದಳು, ಅಜ್ಜಿ ಹಾಸಿಗೆ ಹಿಡಿದ ಮೇಲೆ ಪೂರ್ತಿ ವಾಪಸಾದಾಗ ನನಗೆ ಹದಿನಾರು.

ಹದಿನಾರು ತುಂಬಿದ ಹುಡುಗಿ ಹೋಗಿ ಅವ್ವನ ಪಕ್ಕ ಮಲಗುತ್ತಾಳಾ, ರೋಷ ಬೇರೆ, ಗಂಟಲವರೆಗೂ ರೋಷ, ಅವ್ವ ಅಡುಗೆಮನೆಯ ಬಾಗಿಲಲ್ಲಿ ಚಾಪೆ ಹಾಸಿಕೊಂಡಳು, ಅಲ್ಲಿ ಹಿಂದಿನ ಬಾಗಿಲ ಪಕ್ಕದ ಕೋಣೆಯಲ್ಲಿ ಮಲಗಿದ ಅಭ್ಯಾಸ, ಯಾರಾದರೂ ಕರೆದರೆ ತಕ್ಷಣ ಏಳಬೇಕಲ್ಲ, ಇಲ್ಲಿ ಯಾರು ಕರೆಯುತ್ತಾರೆ ಎಂದು ನಾನೂ ಕೇಳಲಿಲ್ಲ, ಪಕ್ಕ ಬಾ ಎಂದು ಅವಳೂ ಕರೆಯಲಿಲ್ಲ, ಹೀಗೇ ಇಪ್ಪತ್ತು ವರ್ಷ. ಹೇಳಿಬಿಡುತ್ತೇನೆ, ಯಾರೂ ಕೇಳುತ್ತಿಲ್ಲವಲ್ಲ — ನನಗೆ ಅವ್ವನ ಪಕ್ಕ ಮಲಗಬೇಕು, ಅಷ್ಟೇ, ಈ ಕಡಲು, ಈ ಕೊಳ, ಮುತ್ತು ಹೆಕ್ಕಲು ದೋಣಿಯಲ್ಲಿ ಕರೆದೊಯ್ಯುವುದು, ಮರಳುಗಾಡಿನ ನಡುವೆ ಒಂಟಿಯಾಗಿ ನಿಂತ ಆ ಹಳೇ ಮರ, ಹಳೇ ಕೋಟೆ, ಎಲ್ಲ ಅದಕ್ಕೆ ಹೊದಿಸಿದ ಬಣ್ಣದ ಕಾಗದ, ಸೂಲೂರಿನಲ್ಲಿ ಆಗದ್ದು ಹೋಟೆಲಿನಲ್ಲಿ ಆಗುತ್ತದೆ, ಕೋಣೆಯಲ್ಲಿ ಒಂದೇ ಹಾಸಿಗೆ ಇದೆ ಅವ್ವಾ, ಏನು ಮಾಡೋಣ, ಎಂದರೆ ಮುಗಿಯಿತು, ಐದು ರಾತ್ರಿ. ಕೊಚ್ಚಿಗೆ ರೈಲು, ಅಲ್ಲಿಂದ ವಿಮಾನ, ವೀಸಾ ಬಂದಿದೆ, ಟಿಕೆಟ್ ಆಗಿದೆ, ಹೋಟೆಲಿನವರು ಕೋಣೆಯನ್ನು ಇವತ್ತು ನಾಲ್ಕು ಗಂಟೆಯವರೆಗೆ ಹಿಡಿದಿಟ್ಟಿದ್ದಾರೆ, ಪರದೆಯ ಮೇಲೆ ಒಂದೇ ಪ್ರಶ್ನೆ ಬಾಕಿ, ಒಂದು ದೊಡ್ಡ ಹಾಸಿಗೆಯೋ ಎರಡು ಬೇರೆ ಬೇರೆಯೋ. ಒತ್ತಿಬಿಡು ಗೋಕಿಲಾ. ಬೇರೆಯವರಿಗೆ ಎಷ್ಟು ಸಲೀಸಾಗಿ ಒತ್ತುತ್ತೀಯ, ತಿರುಪ್ಪೂರಿನ ಬನಿಯನ್ ಕಂಪನಿಯವರಿಗೆ ಗಂಡನಿಗೊಂದು ಹೆಂಡತಿಗೊಂದು ದಿಂಬಿನ ಜಾತಿ ಸಮೇತ ಹೇಳುತ್ತೀಯ. ನನ್ನ ಗಂಡ ಸರವಣಕುಮಾರ್ ನಗುತ್ತಾನೆ, ಮದುವೆಯಾದಾಗ ಮೆಟ್ಟುಪಾಳ್ಯಂ ರೈಲು ಹತ್ತಿಸಿ ಊಟಿ ತೋರಿಸಿದ್ದಕ್ಕೇ ನೀನು ನನ್ನನ್ನು ದೊಡ್ಡ ಮನುಷ್ಯ ಅಂದೆ, ಅತ್ತೆಗೆ ನೋಡು ಅರಬ್ ದೇಶ, ಎನ್ನುತ್ತಾನೆ. ನಗಲಿ. ಒಂಬತ್ತು ವರ್ಷ ಆ ದ್ವೀಪದಲ್ಲಿದ್ದ ಅವ್ವ ಕಡಲನ್ನು ಸರಿಯಾಗಿ ನೋಡಿಯೇ ಇಲ್ಲ, ಕಡ್ಲು ಇತ್ತು ಕಣ್ಣು, ವಾಸನೆ ಬತ್ತಿತ್ತು, ಕಾರಲ್ಲಿ ಹೋಗುವಾಗ ಕಾಣ್ತಿತ್ತು, ಇಳಿದು ನಿಂತ್ಕಳಕ್ಕೆ ಪುರುಸೊತ್ತೆಲ್ಲಿ, ಎನ್ನುತ್ತಾಳೆ. ಆ ಮಾತಿಗೇ ನಾನು ಕಡಲಿಗೆ ಮುಖ ಮಾಡಿದ ಕೋಣೆ ಹುಡುಕಿದ್ದು, ಪರದೆ ಸರಿಸಿದರೆ ಹಾಸಿಗೆಯಿಂದಲೇ ಕಡಲು, ಕಾಫಿ ಯಾರೋ ತಂದು ಕೊಡುತ್ತಾರೆ, ಅವ್ವ ಏಳುವುದೇ ಬೇಡ. ಅದನ್ನೆಲ್ಲ ವಿವರಿಸಿದ ಮೇಲೆ ಅವಳು ಕೇಳಿದ್ದು ಒಂದೇ — ಆ ಹೋಟ್ಲಿಗೆ ಹಿಂದ್ಗಡೆ ಬಾಗ್ಲು ಇರ್ತದಾ? ಯಾಕವ್ವಾ? ಏನಿಲ್ಲೆ, ಮುಂದ್ಗಡೆಯಿಂದ ಹೋಗಕ್ಕೆ ಒಂಥರಾ ಆಯ್ತದೆ. ನನಗೆ ನಗು ಬಂತು, ಆಮೇಲೆ ಸ್ನಾನದಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ಈರುಳ್ಳಿ ಮುಗಿಯುವ ಹಾಗೆ ಕಾಣುವುದಿಲ್ಲ. ಇಷ್ಟನ್ನೂ ಹೆಚ್ಚಿ, ಉದ್ದಿನಬೇಳೆ ಸಾಸಿವೆ ಬೆಳ್ಳುಳ್ಳಿ ಕಲಸಿ, ಉಂಡೆ ಕಟ್ಟಿ, ತಾರಸಿಯ ಬಿಸಿಲಲ್ಲಿ ಒಣಗಿಸಿ ವಡಗ ಮಾಡುತ್ತಾಳಂತೆ, ಒಗ್ಗರಣೆಗೆ ಹಾಕಿದರೆ ಬೀದಿಯ ಕೊನೆಯವರೆಗೂ ಘಮ್ಮೆನ್ನುವ ವಡಗ, ಒಂದು ಡಬ್ಬಿ ತುಂಬ, ನನಗಲ್ಲ, ನನ್ನ ಮಗನಿಗಲ್ಲ, ಬಹರೈನಿನ ಮರಿಯಂಗೆ. ಅಲ್ಲಿ ವೆಂಗಾಯ ಎಲ್ಲಾ ದೊಡ್ದು, ರುಚಿ ಇಲ್ಲೆ, ಪಾಪಾಗೆ ನಮ್ ವಡಗ ಅಂದ್ರೆ ಉಸುರು, ಎನ್ನುತ್ತಾಳೆ ಅವ್ವ, ಈರುಳ್ಳಿ ಇವಳ ಬಾಯಲ್ಲಿ ವೆಂಗಾಯ, ಇಪ್ಪತ್ತೊಂಬತ್ತು ವರ್ಷದ ಹೆಂಗಸು ಇವಳಿಗೆ ಇನ್ನೂ ಪಾಪಾ. ಅವ್ವ ಆ ಮನೆಗೆ ಹೋದ ವರ್ಷವೇ ಹುಟ್ಟಿದ ಮಗು, ಅವ್ವ ಬಿಟ್ಟು ಬರುವಾಗ ಅದಕ್ಕೆ ಒಂಬತ್ತು, ಅಂದರೆ ನನ್ನಿಂದ ಹೋದ ಒಂಬತ್ತು ವರ್ಷ ಪೂರಾ ಅದರ ಮಡಿಲಿಗೇ ಬಿದ್ದವು, ಒಂದು ದಿನವೂ ಆಚೀಚೆ ಆಗದೆ. ನಾನು ಕೆಟ್ಟವಳಲ್ಲ, ಪಾಪಾನ ಒಂದ್ಸಲ ನೋಡ್ಬೇಕು, ಅವ್ವ ಬಾಯಿಬಿಟ್ಟು ಕೇಳಿದ್ದು ಅದೊಂದೇ ಎಂದು ಹುಡುಕಿಸಿದೆ, ಹಳೇ ಫೋಟೋದ ಹಿಂದೆ ಬಹರೈನಿನ ಮುಹರ್ರಕ್‌ನ ಆ ಮನೆಯವರ ಅತ್ತರಿನ ಅಂಗಡಿಯ ಹೆಸರಿತ್ತು, ನಮ್ಮ ಆಫೀಸಿನೊಂದಿಗೆ ಕೆಲಸ ಮಾಡುವ ಅಲ್ಲಿನ ಏಜೆಂಟ್, ನಮ್ಮ ಕಡೆಯ ಹುಡುಗ, ಎರಡೇ ದಿನದಲ್ಲಿ ಮನೆ ಪತ್ತೆ ಮಾಡಿದ, ಪ್ರವಾಸದ ಪಟ್ಟಿಯಲ್ಲಿ ಮೂರನೇ ದಿನ ಕೋಟೆಗೂ ಮುತ್ತಿನ ಅಂಗಡಿಗೂ ನಡುವೆ ಒಂದು ಗಂಟೆ ಬರೆದಿಟ್ಟೆ, ಒಂದು ಗಂಟೆ ಸಾಕು, ಚಹಾ ಕುಡಿದು ಫೋಟೋ ತೆಗೆಸಿಕೊಂಡು ಏಳಲು. ಬುಧವಾರ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಮರಿಯಂನಿಂದ ಒಂದು ಧ್ವನಿ ಸಂದೇಶ ಬಂತು, ಹಲೋ ಇಲ್ಲ, ಸಲಾಂ ಇಲ್ಲ, ನೇರವಾಗಿ — ಅವ್ವಾ, ಚೆನ್ನಾಗಿದ್ದೀಯಾ, ಉಂಡ್ಯಾ? ಮುಚ್ಚಳ ಕೆಳಗಿಟ್ಟು ಇನ್ನೊಮ್ಮೆ ಹಾಕಿ ಕೇಳಿದೆ. ನಮ್ಮ ಕನ್ನಡ. ಹೊಸಲು ದಾಟಿದರೆ ತಮಿಳಾಗಿಬಿಡುವ ನಾವು ಒಳಗೆ ಮಾತ್ರ ಆಡುವ ಕನ್ನಡ, ಬರೆಯಲು ಓದಲು ನಮಗ್ಯಾರಿಗೂ ಬಾರದ ಕನ್ನಡ, ಅಜ್ಜಿ, ಅವ್ವ, ನಾನು, ನಾಲ್ಕು ಮನೆ ನೆಂಟರು, ಇಷ್ಟೇ ಜನರ ಬಾಯಲ್ಲಿ ನಾನು ಕೇಳಿದ ಆ ಎಳೆತ. ಪಕ್ಕದ ಮೇಜಿನ ಸುಪ್ರೀತಾ ಹಾಸನದವಳು, ನನ್ನ ಕನ್ನಡ ಕೇಳಿ ನಗುವವಳು, ಅದ್ಯಾರು ಗೋಕಿಲಾ, ನಿಮ್ಮ ತಂಗಿನಾ, ಥೇಟ್ ನಿಮ್ ತರಾನೇ ಮಾತಾಡ್ತಾರೆ, ಅಂದಳು. ನನಗೆ ತಂಗಿ ಇಲ್ಲ ಎಂದೆ. ಮಾತು ಬಾರದ ಊರಿನಲ್ಲಿ ಅವ್ವ ಇನ್ಯಾರ ಜೊತೆ ಮಾತಾಡಬೇಕಿತ್ತು, ಮಗುವಿನ ಜೊತೆ ಆಡಿದಳು, ಸರಿ, ಅರ್ಥವಾಗುತ್ತದೆ, ಅರ್ಥವಾದರೆ ನೋಯಬಾರದು ಎಂದು ಎಲ್ಲಿ ಬರೆದಿದೆ. ಅದರ ಹಿಂದೆಯೇ ಇಂಗ್ಲಿಷಿನಲ್ಲಿ ಬಂತು, ಹೋಟೆಲ್ ಬೇಡ, ನಮ್ಮ ಮನೆಯಲ್ಲೇ ಇರಲಿ, ಅವಳ ಕೋಣೆ ಹಾಗೇ ಇದೆ, ನನ್ನ ಮಗನನ್ನು ಅವಳ ಕೈಗೆ ಕೊಡಬೇಕು. ಅದರ ಹಿಂದೆ ಒಂದು ವಿಡಿಯೊ, ಎಳೇ ಮಗು ಬೋರಲು ಮಲಗಿದೆ, ಬೆನ್ನ ಮೇಲೆ ಒಂದು ಕೈ, ಮೆಲ್ಲಗೆ ಮೂರು ಸಲ ತಟ್ಟುತ್ತದೆ, ಸ್ವಲ್ಪ ಬಿಡುತ್ತದೆ, ಮತ್ತೆ ಮೂರು ಸಲ. ಕೆಳಗೆ ಬರೆದಿದ್ದಳು, ಇದು ಅವಳು ಕಲಿಸಿದ್ದು, ನಮ್ಮ ಮನೆಯ ಮಕ್ಕಳೆಲ್ಲ ಈಗ ಹೀಗೇ ಮಲಗುವುದು. ಕೊನೆಯಲ್ಲಿ ಇನ್ನೊಂದು ಧ್ವನಿ ಸಂದೇಶ, ಉದ್ದದ್ದು. ಅದನ್ನು ನಾನು ತೆರೆಯಲಿಲ್ಲ.

ನಾಲ್ಕು ದಿನವಾಯಿತು, ತೆರೆದಿಲ್ಲ, ಅವ್ವನಿಗೆ ಹೇಳಿಯೂ ಇಲ್ಲ, ಪಾಪಾ ಸಿಕ್ಕಿದ್ಲಾ ಎಂದು ಗುರುವಾರ ಕೇಳಿದಳು, ಹುಡುಕ್ತಿದ್ದಾರೆ ಅವ್ವಾ ಅಂದೆ, ಶುಕ್ರವಾರ ಕೇಳಿದಳು, ಅಲ್ಲಿ ರಜಾ ಅಂದೆ. ಹೇಳಿದರೆ ಅವ್ವ ಆ ಕೋಣೆಗೇ ಹೋಗುತ್ತಾಳೆ, ಹಿಂದಿನ ಬಾಗಿಲಿನ ಪಕ್ಕದ ಕೋಣೆಗೆ, ಅಲ್ಲಿ ಮಲಗುತ್ತಾಳೆ, ಅವಳ ಕೈ ಯಾರದೋ ಮಗುವಿನ ಮಗುವಿನ ಬೆನ್ನ ಮೇಲಿರುತ್ತದೆ, ನಾನು ಕಡಲಿಗೆ ಮುಖ ಮಾಡಿದ ದೊಡ್ಡ ಹಾಸಿಗೆಯಲ್ಲಿ ಕಾಲು ಚಾಚಿಕೊಂಡು ಒಬ್ಬಳೇ, ಮೂರು ಸಲ, ಬಿಡುವು, ಮೂರು ಸಲ. ನನಗೂ ಹಾಗೆ ತಟ್ಟಿರಬೇಕಲ್ಲ, ಏಳು ವರ್ಷದವರೆಗೆ ನಾನೂ ಮಲಗಿದ್ದೆನಲ್ಲ ಆ ಪಕ್ಕದಲ್ಲಿ, ನಾಲ್ಕು ದಿನದಿಂದ ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ, ಅಜ್ಜಿಯ ಎಲೆ ಅಡಿಕೆಯ ವಾಸನೆ ನೆನಪಿದೆ, ಚಾಪೆಯ ಗೀರು ನೆನಪಿದೆ, ಜಗುಲಿ, ವಿಮಾನ, ಎಲ್ಲ ಇದೆ, ಬೆನ್ನಿಗೆ ಮಾತ್ರ ಏನೂ ನೆನಪಿಲ್ಲ, ಆ ಮರಿಯಂನ ಬೆನ್ನಿಗೆ ಎಷ್ಟು ಚೆನ್ನಾಗಿ ನೆನಪಿದೆ, ಕೈಗೇ ಇಳಿದುಬಿಟ್ಟಿದೆ. ಗಂಟೆ ಮೂರೂವರೆ. ಕಣ್ಣು, ಎಂದಳು ಅವ್ವ, ಈರುಳ್ಳಿಯಿಂದ ತಲೆ ಎತ್ತದೆ, ಪಾಪಾ ಸಿಗ್ಲಿಲ್ಲ ಅಂದ್ರೂ ಪರ್ವಾಗಿಲ್ಲ, ನೀನು ಮನಸ್ಸಿಗೆ ಹಚ್ಕಬೇಡ, ವಡಗ ಆ ಏಜೆಂಟ್ ಹುಡುಗನಿಗಾದ್ರೂ ಕೊಡಾಣ, ಅವ್ನೂ ಪಾವಂ, ಪಾಪದೋನು, ಮನೆ ಬಿಟ್ಟು ಇರೋನು. ಇದನ್ನು ಅವಳು ಬೈದು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಕ್ಕಿದ್ದಾಳೆ ಅವ್ವಾ ಎಂದೆ, ಬುಧವಾರವೇ ಸಿಕ್ಕಿದ್ದಳು ಎಂದೂ ಹೇಳಿದೆ, ನನ್ನ ಮುಖ ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಸರಿದು ಕೂತಳು. ಮೊದಲನೆಯದನ್ನು ಹಾಕಿದೆ, ಅವ್ವಾ, ಚೆನ್ನಾಗಿದ್ದೀಯಾ, ಉಂಡ್ಯಾ, ಅವ್ವ ಫೋನಿನ ಹತ್ತಿರ ಬಾಯಿ ಇಟ್ಟು, ಉಂಡೆ ತಂಗಂ, ನನ್ ಚಿನ್ನ, ನೀನು ಉಂಡ್ಯಾ, ಎಂದಳು, ಅದು ರೆಕಾರ್ಡ್ ಅವ್ವಾ, ಅವಳಿಗೆ ಕೇಳಿಸಲ್ಲ, ಎಂದರೂ ಇನ್ನೊಮ್ಮೆ ಎಂದಳು, ನಾನು ಎಂದೂ ಕೇಳಿರದ ದನಿ, ನಾನೂ ಇನ್ನೂ ತೆರೆದಿರದ ಆ ಉದ್ದದ ಸಂದೇಶವನ್ನು ಒತ್ತಿದೆ, ಆದದ್ದಾಗಲಿ.

ಮರಿಯಂ ಇಂಗ್ಲಿಷಿನಲ್ಲಿ ಕೇಳುತ್ತಿದ್ದಾಳೆ, ನೀವೇನಾ ಗೋಕಿ, ಎಂದು. ನನ್ನನ್ನು ಗೋಕಿ ಎನ್ನುತ್ತಿದ್ದದ್ದು ನನಗೆ ಏಳು ವರ್ಷವಾಗುವವರೆಗೆ, ಅವ್ವ ಒಬ್ಬಳೇ, ಆಮೇಲೆ ಯಾರೂ ಇಲ್ಲ, ಇವಳಿಗೆ ಹೇಗೆ ಗೊತ್ತು. ನಿಮ್ಮನ್ನು ನೋಡದೆಯೇ ಎಷ್ಟು ದ್ವೇಷಿಸಿದ್ದೆ ಗೊತ್ತಾ, ಎನ್ನುತ್ತಾಳೆ ನಗುತ್ತ, ದಿನಾ ನನ್ನ ಬೆನ್ನು ತಟ್ಟುತ್ತಿದ್ದಳು, ಹೇಳುತ್ತಿದ್ದದ್ದು ನಿಮ್ಮ ಹೆಸರು, ಈಗ ಇಂಗ್ಲಿಷ್ ನಿಂತು ನಮ್ಮ ಕನ್ನಡ ಬಂತು, ಮಲ್ಕೋ ಗೋಕಿ ಮಲ್ಕೋ, ಬೆಳಗಾದ್ರೆ ಅವ್ವ ಬತ್ತಾಳೆ, ಮತ್ತೆ ಇಂಗ್ಲಿಷಿಗೆ ಹೊರಳಿದಳು ಮರಿಯಂ, ನಾನು ಗೋಕಿ ಅಲ್ಲ, ಮರಿಯಂ, ಮರಿಯಂ ಅನ್ನು, ಎಂದು ಎದ್ದು ಕೂತು ಅಳುತ್ತಿದ್ದೆ, ಸರಿ ಮರಿಯಂ ಎನ್ನುತ್ತಿದ್ದಳು, ಇನ್ನೇನು ನಿದ್ದೆ ಹತ್ತಬೇಕು, ಮತ್ತೆ ಗೋಕಿ, ಒಂಬತ್ತು ವರ್ಷ ನನ್ನ ಹಾಸಿಗೆಯಲ್ಲಿ ನೀವೂ ಮಲಗಿದ್ದಿರಿ, ಅದಕ್ಕೇ ನೀವೂ ಬನ್ನಿ, ನಿಮ್ಮ ಮುಖ ನೋಡಬೇಕು. ಸಂದೇಶ ಮುಗಿಯಿತು. ಫ್ಯಾನು ತಿರುಗುತ್ತಿದೆ. ಇಂಗ್ಲಿಷ್ ಅವ್ವನಿಗೆ ಎಷ್ಟು ತಿಳಿಯಿತೋ, ಕನ್ನಡದ ಆ ಒಂದು ಸಾಲು ತಿಳಿದಿದೆ, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ನೆಲ ನೋಡುತ್ತಿದ್ದಾಳೆ, ಬಾಯಿಗೆ ಅದೇ ಬಂದ್ಬುಡ್ತಿತ್ತು ಕಣ್ಣು, ಏನ್ ಮಾಡ್ಲಿ, ಪಾಪಾ ಪಾವಂ, ಅಳ್ತಿತ್ತು, ಎಂದಳು. ಹಾಸಿಗೆಯ ಪ್ರಶ್ನೆ, ನಾಲ್ಕು ಗಂಟೆ, ಲ್ಯಾಪ್‌ಟಾಪ್ ಮುಚ್ಚಿದೆನೋ ಇಲ್ಲವೋ, ನಾನು ಜಗುಲಿಯಲ್ಲಿ ವಿಮಾನ ನೋಡುತ್ತ ನಿಂತಿದ್ದ ಅಷ್ಟೂ ದಿನ ಅಲ್ಲಿ ನನ್ನ ಹೆಸರು, ದಿನಾ, ನನ್ನದಲ್ಲದ ಬೆನ್ನ ಮೇಲೆ — ಅವ್ವನ ಬಲಗೈ ಅವಳ ಪಕ್ಕದಲ್ಲಿ ಬರೀ ನೆಲದ ಮೇಲಿದೆ, ಈರುಳ್ಳಿ ರಸಕ್ಕೆ ಬೆರಳ ತುದಿಗಳು ಕಪ್ಪಾಗಿವೆ, ಅವಳಿಗೇ ಗೊತ್ತಿಲ್ಲದೆ ಅದು ತಟ್ಟುತ್ತಿದೆ, ಅವಳ ಗಮನವೇ ಅಲ್ಲಿಲ್ಲ, ನಾನು ಒಂದು ಗೇಣು ಅತ್ತ ಸರಿದೆ, ಇನ್ನೊಂದು ಗೇಣು, ನನ್ನ ಇಷ್ಟು ದೊಡ್ಡ ಬೆನ್ನು ಆ ಕೈ ಕೆಳಗಿನ ಅಷ್ಟು ಸಣ್ಣ ಜಾಗದಲ್ಲಿ ಹಿಡಿಯುತ್ತದಾ, ನೆಲದ ಮೇಲೆ ಸಿಪ್ಪೆ ಹಾರುತ್ತಿದೆ, ಆ ಕೈ, ಮೂರು ಸಲ, ಬಿಡುವು, ಮೂರು ಸಲ, ಬಿಡುವು, ಆ ಕೈ