ಚಕ್ರ ತಿರುಗದ ತಿಂಗಳ ಬಿಲ್ಲು

ನಾನು ಒಂದು ಕರೆಂಟ್ ಮೀಟರು. ಗಾಜಿನ ಮುಖ, ಹೊಟ್ಟೆಯೊಳಗೊಂದು ಅಲ್ಯೂಮಿನಿಯಂ ಚಕ್ರ, ಕೊರಳಿಗೆ ಸೀಸದ ಸೀಲು. ನನ್ನನ್ನು ಜೋಡಿಸಿದವರು, ಇದು ಸುಳ್ಳು ಹೇಳುವುದಿಲ್ಲವೆಂದು ಮೂರು ಸಲ ಪರೀಕ್ಷಿಸಿ ಹೊರಗೆ ಕಳಿಸಿದರು. ಸತ್ಯ ಕಲಿಸಿದರು, ಬಾಯಿ ಕೊಡಲಿಲ್ಲ. ಆ ಸಂಕಟ ಇಂದಿಗೂ ಹೋಗಿಲ್ಲ.

ಹಳೇ ಹುಬ್ಬಳ್ಳಿಯ ಒಂದು ಬಾಡಿಗೆ ಶೆಡ್ಡಿನ ಗೋಡೆಗೆ ನನ್ನನ್ನು ಬಡಿದರು. ಅಲ್ಲಿ ಈರಸಂಗಪ್ಪ ಶಾಲೆಯ ನೋಟ್‌ಬುಕ್ ತಯಾರಿಸುತ್ತಿದ್ದ. ಪುಸ್ತಕಗಳಿಗೆ ಪಿನ್ ಹೊಡೆಯುವವಳು ದ್ಯಾಮವ್ವ. ಅವಳಿಗೆ ನೂರು ಪುಸ್ತಕಕ್ಕೆ ಇಷ್ಟು ಎಂದು ಕೂಲಿ. ದಸರೆಯ ಖಂಡೇಪೂಜೆಯ ದಿನ ಉಳಿದವರು ಮಷೀನುಗಳಿಗೆ ಮಾಲೆ ಹಾಕಿ ಮುಗಿಸಿದರೆ, ಇವಳು ಸ್ಟೂಲು ಹತ್ತಿ ನನಗೂ ಕುಂಕುಮ ಹಚ್ಚುತ್ತಿದ್ದಳು. ಹನ್ನೊಂದು ವರ್ಷ ತಪ್ಪದೆ ಹಚ್ಚಿದಳು.

ನನ್ನ ಬಿಲ್ಲಿನಲ್ಲಿ ಎರಡು ಭಾಗ. ಚಕ್ರ ತಿರುಗಲಿ ಬಿಡಲಿ, ತಿಂಗಳಾದರೆ ಬರುವ ಸ್ಥಿರ ಶುಲ್ಕ ಒಂದು. ತಿರುಗಿದಷ್ಟಕ್ಕೆ ಇನ್ನೊಂದು. ಕಾರ್ಖಾನೆಯ ಖರ್ಚೂ ಹಾಗೆಯೇ ಇತ್ತು. ಬಾಡಿಗೆ, ಮೇಸ್ತ್ರಿಯ ಸಂಬಳ, ನನ್ನ ಸ್ಥಿರ ಶುಲ್ಕ ಸೇರಿ ತಿಂಗಳಿಗೆ ಐವತ್ತು ಸಾವಿರ, ಒಂದು ಪುಸ್ತಕ ಮಾಡದಿದ್ದರೂ. ಕಾಗದ, ಶಾಯಿ, ದ್ಯಾಮವ್ವನ ಕೂಲಿ, ಉರಿದ ಕರೆಂಟು ಸೇರಿ ಪುಸ್ತಕಕ್ಕೆ ಹದಿನೈದು ರೂಪಾಯಿ. ಈರಸಂಗಪ್ಪ ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ಪುಸ್ತಕಗಳ ಸಂಖ್ಯೆಯಿಂದ ಭಾಗಿಸುತ್ತಿದ್ದ. ತಿಂಗಳಿಗೆ ಹತ್ತು ಸಾವಿರ ಪುಸ್ತಕ ಹೋಗುವಾಗ ಒಂದಕ್ಕೆ ಇಪ್ಪತ್ತು ಬೀಳುತ್ತಿತ್ತು, ಇಪ್ಪತ್ತೆರಡಕ್ಕೆ ಅಂಗಡಿಗಳಿಗೆ ಮಾರುತ್ತಿದ್ದ. ಯಾರಿಗೂ ತಪ್ಪು ಕಾಣಲಿಲ್ಲ.

ಒಂದು ವರ್ಷ ವ್ಯಾಪಾರ ಅರ್ಧಕ್ಕಿಳಿಯಿತು. ಭಾಗಿಸಿದರೆ ಇಪ್ಪತ್ತೈದು! ಗಾಬರಿಬಿದ್ದು ಬೆಲೆಯನ್ನು ಇಪ್ಪತ್ತೇಳಕ್ಕೆ ಏರಿಸಿದ. ಉಳಿದ ಅಂಗಡಿಯವರಲ್ಲೂ ಅರ್ಧ ಜನ ಕೈಬಿಟ್ಟರು. ಈಗ ಎರಡೂವರೆ ಸಾವಿರ ಪುಸ್ತಕ, ಒಂದಕ್ಕೆ ಮೂವತ್ತೈದು ಬಿತ್ತು. ತನ್ನ ಲೆಕ್ಕದಿಂದ ತಾನೇ ಗಿರಾಕಿಗಳನ್ನು ಓಡಿಸುತ್ತಿದ್ದ ಪುಣ್ಯಾತ್ಮ.

ಆಗಲೇ ಒಂದು ಶಾಲೆಯಿಂದ ಆರ್ಡರ್ ಬಂತು. ತಿಂಗಳಿಗೆ ಆರು ಸಾವಿರ, ವರ್ಷಪೂರ್ತಿ, ಇಪ್ಪತ್ತು ರೂಪಾಯಿಯಂತೆ.

“ಮೂವತ್ತೈದು ಬೀಳೋ ಮಾಲು ಇಪ್ಪತ್ತಕ್ಕ ಕೊಡಾಕ ನನಗ ಹುಚ್ಚ ಹಿಡದೈತೇನು?” ಎಂದ ಈರಸಂಗಪ್ಪ.

ದ್ಯಾಮವ್ವ ಪಿನ್ ಹೊಡೆಯುವುದನ್ನು ನಿಲ್ಲಿಸಿದಳು. “ಆರ್ಡರ್ ಬಿಟ್ರ ಬಾಡಗಿ ಬಿಡತೈತೇನ್ರಿ ಮಾಲಕ್ರ? ಕಾಗದ, ಕೂಲಿ ಕಳದು ಪುಸ್ತಕಕ್ಕ ಐದ್ ರೂಪಾಯಿ ಉಳಿತಾವಲ್ರಿ.”

“ನಿನಗ ಲೆಕ್ಕ ತಿಳಿಯಂಗಿಲ್ಲ, ಸುಮ್ನಿರವಾ.”

ತಿಳಿದಿದ್ದು ಅವಳೊಬ್ಬಳಿಗೇ. ಐದರಂತೆ ಆರು ಸಾವಿರಕ್ಕೆ ಮೂವತ್ತು ಸಾವಿರ. ಇಪ್ಪತ್ತೇಳು ಕೊಡುವ ಹಳೆಯ ಗಿರಾಕಿಗಳಿಂದ, ಪುಸ್ತಕಕ್ಕೆ ಹನ್ನೆರಡು ಉಳಿದು, ಇನ್ನೊಂದು ಮೂವತ್ತು. ಐವತ್ತು ಸಾವಿರ ತೀರಿಸಿ ಹತ್ತು ಮಿಗುತ್ತಿತ್ತು, ಕಾರ್ಖಾನೆ ಬದುಕುತ್ತಿತ್ತು. ನಾನು ಗೋಡೆಯ ಮೇಲೆ ಮೂಕನಾಗಿ ಸುತ್ತುತ್ತಿದ್ದೆ. ಆರ್ಡರ್ ವಾಪಸು ಹೋಯಿತು.

ನಷ್ಟ ತಾಳದೆ ನಾಲ್ಕು ತಿಂಗಳಿಗೆ ಮಷೀನುಗಳು ನಿಂತವು. ನಾಳೆಯಿಂದ ಬರಬೇಡವೆಂದು ಈರಸಂಗಪ್ಪ ದ್ಯಾಮವ್ವನಿಗೆ ಹೇಳಿದ. ಅವಳು ಊಟದ ಡಬ್ಬಿ ತೆಗೆದುಕೊಂಡು ಹೋದಳು.

ಮುಂದಿನ ತಿಂಗಳು ಮೀಟರ್ ಓದುವವನು ಬಿಲ್ಲು ಹರಿದುಕೊಟ್ಟ. ಈರಸಂಗಪ್ಪ ರೇಗಿದ. “ಚಕ್ರಾನ ತಿರುಗಿಲ್ಲ, ಬಿಲ್ ಎಲ್ಲಿಂದ ಬಂತು?”

“ತಿರುಗಲಿಲ್ಲಂದ್ರೂ ಇಷ್ಟು ಬರೋದ ರೀ. ಮೊದಲಿಂದ್ಲೂ ಬರತಿತ್ತು, ನೀವು ನೋಡಿಲ್ಲ.”

ಈರಸಂಗಪ್ಪ ದ್ಯಾಮವ್ವನ ಸ್ಟೂಲಿನ ಮೇಲೆ ಕುಳಿತ. ಬಿಲ್ಲಿನ ಬೆನ್ನಿಗೆ ಅವಳು ಹೇಳಿದ ಲೆಕ್ಕವನ್ನು ಬರೆದ. ಬರೆದು ಮುಗಿಸಿ ಗೊಳೋ ಎಂದು ಅತ್ತ. ಆ ಶಾಲೆಗೆ ಓಡಿದ. ಆರ್ಡರ್ ಬೇರೆಯವರ ಪಾಲಾಗಿತ್ತು. ಕರಾರಿನಂತೆ ಖಾಲಿ ಶೆಡ್ಡಿಗೆ ಇನ್ನೂ ಏಳು ತಿಂಗಳು ಬಾಡಿಗೆ ಕಟ್ಟಿದ.

ಈಗ ನಾನು ಗುಜರಿ ರಾಶಿಯಲ್ಲಿದ್ದೇನೆ. ಸೀಲು ಒಡೆದಿದೆ, ಅಂಕಿಗಳು ನಿಂತಿವೆ. ಸತ್ಯ ಹೇಳುವ ಯಂತ್ರವಾಗಿ ಹುಟ್ಟಿ ಒಬ್ಬರನ್ನೂ ಉಳಿಸಲಾಗಲಿಲ್ಲ. ಮಷೀನು ನಿಂತ ದಿನ ಬಾಡಿಗೆ ನಿಲ್ಲಲಿಲ್ಲ, ನನ್ನ ಶುಲ್ಕವೂ ನಿಲ್ಲಲಿಲ್ಲ. ಅಂದೇ ನಿಂತದ್ದು ದ್ಯಾಮವ್ವನ ಕೂಲಿ. ಅವಳು ಹಚ್ಚಿದ ಕುಂಕುಮ ನನ್ನ ಗಾಜಿನ ಅಂಚಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ.