ಬೆಡ್‌ಶೀಟ್ ಹೊದ್ದ ಕಂಪ್ಯೂಟರ್

ಅಳಿಯ ಮನೆ ತೊಳಿಯ ಎಂದು ಗಾದೆ ಕಟ್ಟಿದವನು ನಮ್ಮ ಮಾವನ ಮನೆ ನೋಡಿರಲಿಲ್ಲ. ಕಂಪ್ಯೂಟರ್ ರಿಪೇರಿಯವನಿಗೆ ಮಗಳನ್ನು ಕೊಟ್ಟ ದಿನದಿಂದ ಆ ಮನೆಯಲ್ಲಿ ಮೌಸ್ ಕೈಕೊಟ್ಟರೂ ನಾನು, ಪ್ರಿಂಟರ್ ಕಾಗದ ನುಂಗಿದರೂ ನಾನು. ಈ ಸಲ ಕೆಟ್ಟಿದ್ದು ಮಾತ್ರ ಬರೀ ಕಂಪ್ಯೂಟರ್ ಅಲ್ಲ. ಜನ್ಮದಲ್ಲಿ ಒಬ್ಬರೇ ಬಸ್ಸು ಹತ್ತದ ನಮ್ಮ ಅತ್ತೆ, ಎರಡು ಬಸ್ಸು ಬದಲಿಸಿ, ಬಟ್ಟೆ ಬ್ಯಾಗ್ ಹಿಡಿದು ಮಂಗಳವಾರ ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತಿದ್ದರು.

“ಆ ಮನುಷ್ಯನ ಜೊತೆ ನಾನಿನ್ನು ಇರಲ್ಲ. ಈ ವಯಸ್ಸಲ್ಲಿ ಅದೇನು ದರಿದ್ರ ನೋಡ್ತಿದ್ರೋ, ಪೊಲೀಸ್ನೋರೇ ಕಂಪ್ಯೂಟರಿಗೆ ಬೀಗ ಹಾಕಿದಾರೆ. ಕೇಳಿದ್ರೆ, ಹೌದು, ನಾನೇ ನೋಡಿದ್ದು ಅಂತಾರೆ!”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಭಾನುವಾರ ಸಂಜೆ ಶುರುವಾದ ಇವರ ಜಗಳ ಎರಡು ಸಲ ಉಂಡು ಮಲಗಿದ ಮೇಲೂ ಮುಗಿದಿರಲಿಲ್ಲ.

“ರೀ, ಅಪ್ಪ ಅಂಥೋರಲ್ಲ,” ಎಂದು ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದಳು. “ಹೋಗಿ ಅದೇನು ನೋಡಿ. ಅಮ್ಮ ಹಟ ಹಿಡಿದ್ರೆ ವಾಪಸ್ ಹೋಗೋರಲ್ಲ.”

ಅಂಗಡಿಗೆ ಬೀಗ ಹಾಕಿ ಹೊರಟೆ. ಗಡ್ಡ ಬಿಟ್ಟ ಮಾವ ಬಾಗಿಲು ತೆರೆದರು. ಕಂಪ್ಯೂಟರಿಗೆ ಕಾಲಿನವರೆಗೂ ಬೆಡ್‌ಶೀಟ್ ಹೊದಿಸಿ, ಪ್ಲಗ್ ಕಿತ್ತು ಕಿಟಕಿಯ ಮೇಲಿಟ್ಟಿದ್ದರು.

“ಇದೇನು ಮಾವ, ಜ್ವರ ಬಂದಿದ್ಯಾ ಇದಕ್ಕೆ?”

“ಅದು ನನ್ನ ಮುಖ ತೋರಿಸ್ತಿದೆ ಅಳಿಯಂದ್ರೇ. ಪೊಲೀಸ್ನೋರು ಒಳಗಿಂದ ನೋಡ್ತಿದಾರೆ.”

ಬೆಡ್‌ಶೀಟ್ ಎಳೆದು, ಪ್ಲಗ್ ಸಿಕ್ಕಿಸಿ ಆನ್ ಮಾಡಿದೆ. ಪರದೆ ತುಂಬ ಕೆಂಪು ನೋಟಿಸು. ನಿಷೇಧಿತ ಚಿತ್ರ ನೋಡಿದ್ದೀರಿ, ದಂಡ ಕಟ್ಟುವವರೆಗೆ ಕಂಪ್ಯೂಟರ್ ಬಂದ್. ಮೂಲೆಯಲ್ಲಿ, ಕಂಪ್ಯೂಟರಿನ ಕ್ಯಾಮೆರಾ ಸೆರೆಹಿಡಿದ ಮಾವನ ಬಾಯಿಬಿಟ್ಟ ಮುಖ. ದಂಡವನ್ನು ಅಂಗಡಿಯಲ್ಲಿ ಸಿಗುವ ಗಿಫ್ಟ್ ಕಾರ್ಡಿನಲ್ಲಿ ಕಟ್ಟಬೇಕಂತೆ!

“ಯಾವ ಪೊಲೀಸರು ಗಿಫ್ಟ್ ಕಾರ್ಡ್ ತಗೋತಾರೆ ಮಾವ?”

“ನನಗೇನು ಗೊತ್ತು? ಕಾರ್ಡ್ ತರೋಕೆ ಹೊರಟಿದ್ದೆ, ಅಷ್ಟರಲ್ಲಿ ನೀವು ಬಂದ್ರಿ.”

ನನ್ನ ಮೈಯೆಲ್ಲ ಉರಿದುಹೋಯಿತು. ಇದು ಪೊಲೀಸರದಲ್ಲ, ಕಳ್ಳರ ಕೆಲಸ, ಕೊಟ್ಟರೂ ಬೀಗ ತೆಗೆಯುತ್ತಾರೆ ಅನ್ನುವ ನಂಬಿಕೆಯಿಲ್ಲ, ಒಂದು ಫೋನ್ ಮಾಡೋಕೆ ನಿಮಗೇನಾಗಿತ್ತು ಎಂದು ಕೂಗಾಡಿದೆ. ಅಳಿಯನ ಹತ್ತಿರ ಇಂಥದ್ದು ಹೇಗೆ ಹೇಳೋದು ಎಂದು ಗೊಣಗಿದರು.

ಪುಣ್ಯಕ್ಕೆ ಇದು ಪರದೆಯನ್ನಷ್ಟೇ ಅಡ್ಡಗಟ್ಟುವ ಜಾತಿಯ ವೈರಸ್. ಬಾಗಿಲಿಗೆ ಅಡ್ಡ ಬೀರು ಇಟ್ಟ ಹಾಗೆ, ಒಳಗಿನ ಸಾಮಾನು ಹಾಗೇ ಇರುತ್ತದೆ. ಸೇಫ್ ಮೋಡಿನಲ್ಲಿ, ಅಂದರೆ ತೀರಾ ಬೇಕಾದ ಪ್ರೋಗ್ರಾಮುಗಳಷ್ಟೇ ಏಳುವ ಹಾಗೆ, ಮತ್ತೆ ಶುರು ಮಾಡಿದೆ. ನೋಟಿಸು ನಾಪತ್ತೆ. ಆನ್ ಮಾಡಿದೊಡನೆ ತಾನಾಗಿ ಏಳುತ್ತಿದ್ದ ಅನಾಮಿಕ ಪ್ರೋಗ್ರಾಮನ್ನು ಹುಡುಕಿ ತೆಗೆದು, ಆಂಟಿವೈರಸ್ ಸ್ಕ್ಯಾನಿಗೆ ಬಿಟ್ಟೆ. ಈ ಶನಿ ಎಲ್ಲಿಂದ ಬಂತೆಂದು ಡೌನ್‌ಲೋಡ್ ಫೋಲ್ಡರ್ ತೆರೆದರೆ, ಭಾನುವಾರ ಮಧ್ಯಾಹ್ನ ಇಳಿಸಿದ್ದು ಒಂದೇ ಒಂದು: ಉಚಿತ ಸ್ವೆಟರ್ ಡಿಸೈನ್.

“ಮಾವ, ನೀವು ಯಾವಾಗಿಂದ ಸ್ವೆಟರ್ ಹೆಣೀತೀರಿ?”

ಮಾವ ಬೆಡ್‌ಶೀಟ್ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

“ಮಧ್ಯಾಹ್ನವೆಲ್ಲ ಅವಳೇ ಕೂತಿದ್ಲು,” ಎಂದರು ಕೊನೆಗೆ. “ಸಂಜೆ ನಾನು ಆನ್ ಮಾಡಿದ್ರೆ ಇದು ಬಂತು. ಅವಳೇ ಏನೋ ನೋಡಿರ್ಬೇಕು ಅಂದ್ಕೊಂಡೆ.”

“ಮತ್ತೆ ನಾನೇ ಅಂತ ಯಾಕೆ ಒಪ್ಕೊಂಡ್ರಿ?”

“ಪೊಲೀಸ್ನೋರು ಬಂದ್ರೆ ಅವಳನ್ನ ಕರ್ಕೊಂಡು ಹೋಗ್ತಾರಲ್ರೀ. ಒಬ್ಳೇ ಬಸ್ ಹತ್ತೋಕೂ ಹೆದರ್ತಾಳೆ, ಅಲ್ಲಿ ಹೇಗಿರ್ತಾಳೆ? ನಾನಾದ್ರೆ ಹೇಗೋ ಇದ್ದು ಬರ್ತೀನಿ.”

ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿಕೊಳ್ಳುವುದು ಗೊತ್ತು. ಹೆಂಡತಿಯ ಪರವಾಗಿ ಹೆಗಲು ಮುಟ್ಟಿಕೊಂಡವರನ್ನು ನಾನು ಇದೇ ಮೊದಲು ನೋಡಿದ್ದು.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ ಉಳಿದಿತ್ತು. ತಿಂಗಳುಗಟ್ಟಲೆ ಮುಂದೂಡಿದ್ದ ಅಪ್‌ಡೇಟ್‌ಗಳನ್ನೆಲ್ಲ ಹಾಕಿದೆ. ಫೋಟೋಗಳನ್ನು ಬೇರೆ ಡಿಸ್ಕಿಗೆ ತುಂಬಿ, ಡಿಸ್ಕ್ ಕಳಚಿ ಬೀರುವಿನಲ್ಲಿಟ್ಟೆ. ಪಾಸ್‌ವರ್ಡ್ ಇಲ್ಲದೆ ಯಾರೂ ಹೊಸ ಪ್ರೋಗ್ರಾಂ ಹಾಕದಂತೆ ಇಬ್ಬರಿಗೂ ಬೇರೆ ಅಕೌಂಟ್ ಮಾಡಿದೆ. ಉಚಿತ ಅಂದದ್ದನ್ನೆಲ್ಲ ಒತ್ತಬೇಡಿ ಎಂದು ಭಾಷಣವನ್ನೂ ಬಿಗಿದೆ. ಮಾವನ ಕಣ್ಣು ನನ್ನ ಫೋನಿನ ಮೇಲಿತ್ತು.

“ಅವಳದೇ ತಪ್ಪು ಅಂತ ಹೇಳ್ಬೇಡಿ. ವೈರಸ್ ತಾನಾಗೇ ಬಂತು ಅನ್ನಿ.”

“ಹಾಗಂದ್ರೆ ನಾಳೆ ಇನ್ನೊಂದು ಸ್ವೆಟರ್ ಇಳಿಸ್ತಾರೆ!” ಎಂದು ಸ್ಪೀಕರಿನಲ್ಲಿ ಫೋನ್ ಹಚ್ಚಿ, ಇದ್ದದ್ದನ್ನು ಇದ್ದ ಹಾಗೆ ಅತ್ತೆಗೆ ಹೇಳಿದೆ. ಸದ್ಯ, ಮುಗಿಯಿತು ಎಂದುಕೊಂಡೆ.

“ಅಂದ್ರೆ,” ಅತ್ತೆಯ ದನಿ ಏರಿತು, “ಅಂಥ ದರಿದ್ರ ನಾನು ನೋಡಿದೀನಿ ಅಂದ್ಕೊಂಡ್ರಾ ಅವ್ರು?”

ನಾನು ಹಣೆ ಚಚ್ಚಿಕೊಂಡೆ. ಮಾವ ಫೋನ್ ಕಿತ್ತುಕೊಂಡರು.

“ಹೌದು ಕಣೇ, ಅಂದ್ಕೊಂಡೆ! ನೀನೂ ನನ್ನ ಬಗ್ಗೆ ಅಂದ್ಕೊಂಡೆ. ಅಂದ್ಕೊಂಡು ಬಿಟ್ಟು ಹೋದೆ. ನಾನು ಬಿಟ್ಟು ಹೋದ್ನಾ?”

ಇಷ್ಟು ವರ್ಷಗಳಲ್ಲಿ ಮಾವ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಆ ಕಡೆ ಮೂಗು ಒರೆಸಿಕೊಂಡ ಸದ್ದಾಯಿತು.

“ಬರುವಾಗ ಸಿಟ್ಟಲ್ಲಿ ಬಂದ್ಬಿಟ್ಟೆ,” ಎಂದರು ಅತ್ತೆ ಸಣ್ಣ ದನಿಯಲ್ಲಿ. “ವಾಪಸ್ ಒಬ್ಳೇ ಬರೋಕೆ ಭಯ ಆಗತ್ತೆ ರೀ. ಬನ್ನಿ.”

ಮಾವ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಹೊಸ ಪಾಸ್‌ವರ್ಡ್ ಆದರೂ ಕೇಳಿಸಿಕೊಳ್ಳಿ ಎಂದು ಹಿಂದಿನಿಂದ ಕೂಗಿದೆ. “ಅದು ನಿಮ್ಮ ಹತ್ರಾನೇ ಇರ್ಲಿ,” ಎಂದವರೇ ಮೆಟ್ಟಿಲಿಳಿದು ಬಸ್ ಸ್ಟಾಪಿನ ಕಡೆ ಓಡಿದರು.