ಹೋಗಿ ಬರುವ ಮಾತು

ಮನೆಯವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದ ಆ ನರ್ಸು ಪರದೇಶದ ಆಸ್ಪತ್ರೆಗೆ ಸೇರಿ ಒಂದು ವರ್ಷ ತುಂಬಲು ನಾಲ್ಕೇ ದಿನ ಉಳಿದಿತ್ತು. ಅಷ್ಟರಲ್ಲಿ ಹೆಡ್ ನರ್ಸ್ ಅವಳ ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಕಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟುವುದೇ. ಕೈಕೆಲಸದಲ್ಲಿ ಅವಳಿಗೆ ಎರಡು ಮಾತಿಲ್ಲ. ಸೂಜಿ ಚುಚ್ಚಿ ತೆಗೆದ ಮೇಲೂ, ಯಾವಾಗ ಚುಚ್ತೀಯ ಎಂದು ಕೇಳಿದವರಿದ್ದರು. ಆ ಊರಿನ ಭಾಷೆಯನ್ನು ಮಾತ್ರ, ಹೊಸ ಚಪ್ಪಲಿ ಮೆಟ್ಟಿದವಳ ಹಾಗೆ, ನೋಡಿ ನೋಡಿ ಆಡುತ್ತಿದ್ದಳು.

ಆ ವಾರ ಅವಳ ಪಾಲಿಗೆ ಬಂದದ್ದು ಸೊಂಟದ ಮೂಳೆ ಮುರಿದುಕೊಂಡ ಒಬ್ಬ ಮುದುಕಿ. ಮೂವತ್ತು ವರ್ಷ ಬಸ್ಸು ಓಡಿಸಿದವಳು. ಗಂಟಲೂ ಹಾರನ್ನಿನ ಹಾಗೇ. ಆಪರೇಷನ್ ಆದ ಮೇಲೆ ಗುಬ್ಬಿಯ ಭುಜ ಹಿಡಿದು ಮೊದಲ ಹತ್ತು ಹೆಜ್ಜೆ ಇಟ್ಟಿದ್ದಳು. ಮೂರು ಗಂಟೆಗೆ ಪಾಳಿ ಮುಗಿಯಿತು. ಗುಬ್ಬಿ ಮನೆಮಾತನ್ನೇ ಆ ಭಾಷೆಗೆ ತಿರುಗಿಸಿ, "ಹೋಗಿ ಬರ್ತೀನಿ" ಎಂದು ಹೇಳಿ ಹೊರಟಳು.

ಮರುದಿನ ಬೆಳಿಗ್ಗೆ ಬಂದರೆ, ಮುದುಕಿಯ ಮಂಚದ ಪಕ್ಕದಲ್ಲೇ ಹೆಡ್ ನರ್ಸ್ ನಿಂತಿದ್ದಳು.

"ಬರ್ತೀನಿ ಅಂತ ಹೇಳಿ ಎಲ್ಲಿಗೆ ಹೋದೆ? ನಿನಗೋಸ್ಕರ ಕಾದು ಕಾದು ಇವರು ಸಂಜೆ ನಡೆಯೋಕೆ ಏಳ್ಲಿಲ್ಲ, ಊಟಾನೂ ಮುಟ್ಟಲಿಲ್ಲ. ಕೊಟ್ಟ ಮಾತು ಉಳಿಸ್ಕೊಳ್ಳಲ್ಲ ಅಂತ ನಿನ್ನ ಕಾಗದದಲ್ಲಿ ಬರೀಬೇಕಾಗುತ್ತೆ."

"ನಾನು ಬರ್ತೀನಿ ಅಂದಿದ್ದು ಹೋಗೋದಕ್ಕೇ!" ಎಂದುಬಿಟ್ಟಳು ಗುಬ್ಬಿ.

"ಏನಂದೆ?" ಎಂದಳು ಮುದುಕಿ.

"ನಮ್ಮಲ್ಲಿ ಬರೀ ಹೋಗ್ತೀನಿ ಅಂತ ಯಾರೂ ಹೇಳಲ್ಲಮ್ಮ. ಹಾಗಂದ್ರೆ ಇನ್ನು ಬರೋದೇ ಇಲ್ಲ ಅಂದ ಹಾಗೆ. ಪಕ್ಕದ ಅಂಗಡಿಗೆ ಹೊರಟ್ರೂ ಹೋಗಿ ಬರ್ತೀನಿ. ಜಗಳ ಆಡಿ ಎದ್ದು ಹೋಗೋರಿಗೂ ಬಾಯಿಗೆ ಅದೇ ಬರುತ್ತೆ."

ಮುದುಕಿ ನಗತೊಡಗಿದವಳು ಸೊಂಟ ಹಿಡಿದುಕೊಂಡಳು. "ಅಯ್ಯೋ, ನಗಿಸ್ಬೇಡ್ವೇ, ಹೊಲಿಗೆ ಬಿಚ್ಚುತ್ತೆ! ಮಾತೇನೋ ಸರಿಯಾಗೇ ಇದೆ. ಯಾವ ಬಸ್ಸು ಬರೀ ಹೋಗುತ್ತೆ? ಆದ್ರೆ ಟೈಮ್ ಹೇಳ್ದೆ ಹೋದ್ರೆ ಜನ ಸ್ಟಾಪಲ್ಲೇ ಕೂತಿರ್ತಾರೆ, ನಿನ್ನೆ ನಾನು ಕೂತಿದ್ದ ಹಾಗೆ."

ಹೆಡ್ ನರ್ಸ್ ಮುಖ ಬಿಗಿದುಕೊಂಡೇ ಹೊರಗೆ ಹೋದಳು. ಅಂದು ಮೂರು ಗಂಟೆಗೆ ಗುಬ್ಬಿ, "ಹೋಗಿ, ನಾಳೆ ಬೆಳಿಗ್ಗೆ ಏಳಕ್ಕೆ ಬರ್ತೀನಿ" ಎಂದಳು. ಮುದುಕಿ ಸಂಜೆ ಬೇರೆ ನರ್ಸಿನ ಕೈ ಹಿಡಿದು ನಡೆದಳು, ತಟ್ಟೆಯನ್ನೂ ಖಾಲಿ ಮಾಡಿದಳು.

ನಾಲ್ಕನೆಯ ದಿನ ಹೆಡ್ ನರ್ಸ್ ಕರೆಸಿಕೊಂಡಳು. ಗುಬ್ಬಿ ಕಾಗದದ ಮೇಲೆ ಕಣ್ಣಾಡಿಸಿದಳು. ಕೊಟ್ಟ ಮಾತಿನ ಸುದ್ದಿ ಎಲ್ಲೂ ಇರಲಿಲ್ಲ. ಕೆಳಗೆ ಸಹಿ ಬಿದ್ದಿತ್ತು.

"ಕಾಯಂ ಆದೋರಿಗೆ ವರ್ಷಕ್ಕೆ ಒಂದು ತಿಂಗಳು ರಜೆ," ಎಂದು ಹೆಡ್ ನರ್ಸ್ ಇನ್ನೊಂದು ಅರ್ಜಿಯನ್ನು ಮುಂದಕ್ಕೆ ತಳ್ಳಿದಳು. "ಊರು ಬಿಟ್ಟು ಹೊರಡೋವಾಗ ನಿಮ್ಮಮ್ಮನಿಗೂ ಹಾಗೇ ಹೇಳಿ ಬಂದ್ಯಾ?"

"ಹೂಂ."

"ಟೈಮ್?"

ಗುಬ್ಬಿ ಅರ್ಜಿಯನ್ನು ಹತ್ತಿರಕ್ಕೆ ಎಳೆದುಕೊಂಡು ಪೆನ್ನು ತೆಗೆದಳು.

ಮಧ್ಯಾಹ್ನ ಕ್ಯಾಂಟೀನಿನ ಬೆಂಚಿನಿಂದ ಫೋನು ಮಾಡಿದಳು. "ಅಮ್ಮಾ, ಮುಂದಿನ ತಿಂಗಳು ಹದಿನೇಳಕ್ಕೆ ಬರ್ತೀನಿ."

ಆ ಕಡೆಯಿಂದ ಅಮ್ಮ, "ಏನು ವಾರ ಬರುತ್ತೆ?"

"ಗುರುವಾರ."

"ತಡಿ, ಕ್ಯಾಲೆಂಡರಲ್ಲಿ ಸುತ್ತು ಹಾಕ್ತೀನಿ. ಈ ಹಾಳು ಪೆನ್ನು ಎಲ್ಲಿಟ್ಟೆನೋ... ಫೋನ್ ಇಟ್ಟುಬಿಡಬೇಡ್ವೇ, ಹುಡುಕ್ತಾ ಇದೀನಿ."